ಕುಂಕುಮ ಹಚ್ಚಿದ ಪುಟ

ಈ ಜೂನಿನಲ್ಲಿ ಮಂಗಳೂರಿನಿಂದ ಘಾಟಿ ಹತ್ತಿ ಬರುತ್ತಿದ್ದ ನಮ್ಮ ಬಸ್ಸು ದೋಣಿಗಲ್ ಬಳಿ ನಿಂತುಬಿಟ್ಟಿತು. ರಸ್ತೆ ಅಗಲ ಮಾಡಲು ಕಡಿದಿದ್ದ ಗುಡ್ಡದ ಪಕ್ಕೆಯಿಂದ ಒಂದಿಷ್ಟು ಮಣ್ಣು ಕೆಳಗೆ ಜಾರಿತ್ತು. ಜೆಸಿಬಿ ಅದನ್ನು ಬಾಚುತ್ತಿತ್ತು. ಪಕ್ಕದ ಸೀಟಿನವರು ಅರ್ಧ ಗಂಟೆ ಹೋಯಿತೆಂದು ಗೊಣಗಿ ಮೊಬೈಲ್ ತೆಗೆದರು. ನಾನು ಕಿಟಕಿಯ ಗಾಜು ಸರಿಸಿದೆ. ಸರಿಸಬಾರದಿತ್ತು. ಮೊದಲ ಮಳೆಗೆ ನೆಲದಿಂದೇಳುವ ಪರಿಮಳದ ಬಗ್ಗೆ ನಮ್ಮವರು ಬೇಕಾದಷ್ಟು ಬರೆದಿದ್ದಾರೆ. ಒಳಗೆ ಬಂದದ್ದು ಅದಲ್ಲ. ಎಂದೂ ಬೆಳಕು ಕಾಣದ ಮಣ್ಣು ಏಕಾಏಕಿ ಹೊರಗೆ ಬಿದ್ದಾಗ ಬರುವ ವಾಸನೆ ಬೇರೆಯದೇ: ಹರಿದ ಬೇರು, ತಣ್ಣನೆಯ ಕೆಮ್ಮಣ್ಣು, ನಾಲಿಗೆಯ ತುದಿಗೆ ಕಬ್ಬಿಣ ತಾಗಿದ ಹಾಗೆ. ನನ್ನ ಕೈ ತೊಡೆಯ ಮೇಲಿದ್ದ ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

ಚೀಲದಲ್ಲಿದ್ದದ್ದು ಒಂದು ಹೊಸ ರಿಜಿಸ್ಟರ್. ದಪ್ಪ ರಟ್ಟಿನದು, ಗೆರೆ ಹಾಕಿದ್ದು. ಹಿಂದಿನ ವಾರ, ನಾನು ಒಂದು ವರ್ಷ ಕಲಿಸಿದ್ದ ಶಾಲೆಯ ಜಯಕ್ಕ ಫೋನ್ ಮಾಡಿದ್ದರು. "ಹಳೇ ಬುಕ್ ತುಂಬೋಯ್ತು ಮಿಸ್. ಹೊಸದು ತಗಂಡು ನೀವೇ ಬನ್ನಿ. ಮೊದಲ್ನೇ ಪುಟ ನೀವೇ ಬರೀಬೇಕಂತೆ, ಚೈತ್ರ ಹೇಳ್ತಾವ್ಳೆ." ಯಾಕೆ ನಾನೇ ಎಂದು ನಾನು ಕೇಳಲಿಲ್ಲ. ಯಾವ ಪ್ರಶ್ನೆಯನ್ನು ಕೇಳಬಾರದು ಎನ್ನುವುದು ವಾದ ಮಾಡಿ ಬೆಳೆದವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಇದೆಲ್ಲ ಶುರುವಾದದ್ದು ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ. ನನಗೆ ಇಪ್ಪತ್ಮೂರು. ಆಲೂರಿನವಳು, ಹಾಸನದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ತಂಡದಲ್ಲಿದ್ದವಳು. ಒಂದು ವಿಷಯದ ಪರವಾಗಿ ಐದು ನಿಮಿಷ ಮಾತಾಡಿ ಗೆಲ್ಲುತ್ತಿದ್ದೆ. ಮಾರನೇ ವಾರ ಬೇರೆ ಕಾಲೇಜಿನಲ್ಲಿ ಅದೇ ವಿಷಯದ ವಿರುದ್ಧ ಮಾತಾಡಿಯೂ ಗೆಲ್ಲುತ್ತಿದ್ದೆ. ಇದು ಹೆಮ್ಮೆಪಡುವ ಸಂಗತಿ ಎಂದೇ ಆಗ ತಿಳಿದಿದ್ದೆ. ದೇವರು, ದಿಂಡರು, ಶಕುನ, ರಾಹುಕಾಲ ಯಾವುದನ್ನೂ ಬಿಡುತ್ತಿರಲಿಲ್ಲ. ಬಿ.ಇಡಿ. ಮುಗಿಸಿ ಅತಿಥಿ ಶಿಕ್ಷಕಿಯಾಗಿ ಹೋದದ್ದು ಹೆತ್ತೂರಿನಿಂದ ವನಗೂರಿನ ಕಡೆಗೆ ಹೋಗುವಾಗ ಸಿಗುವ, ಜೀಪು ಮೊದಲ ಗೇರಿನಲ್ಲೇ ಏರಬೇಕಾದ ಒಂದು ದಿಬ್ಬದ ಮೇಲಿನ ಸರ್ಕಾರಿ ಪ್ರೌಢಶಾಲೆಗೆ. ಗಣಿತ, ವಿಜ್ಞಾನ ಎರಡೂ ನನ್ನವೇ.

ದಿಬ್ಬದ ಕೆಳಗೆ ಹಳ್ಳ. ಹಳ್ಳದಾಚೆ ಎಸ್ಟೇಟಿನ ಕೆಳಗಿನ ಲೈನ್, ಎಂದರೆ ಕೂಲಿಯವರಿಗೆಂದು ಕಟ್ಟಿದ ಐದು ಮನೆಗಳ ಒಂದು ಸಾಲು. ಅದರ ಬೆನ್ನಿಗೆ ಕಡಿದಾದ ಗುಡ್ಡ, ಗುಡ್ಡದ ತುಂಬ ಕಾಫಿ, ಕಾಫಿಯ ಮೇಲೆ ಸಿಲ್ವರ್ ಓಕ್ ಮರಗಳು. ಒಂಬತ್ತನೇ ತರಗತಿಯ ಕಿಟಕಿಯಿಂದ ಆ ಐದೂ ಮನೆಗಳ ಹೆಂಚಿನ ಸಂದಿಯ ಹೊಗೆ ಕಾಣುತ್ತಿತ್ತು.

ಶಾಲೆಯ ಅಂಗಳದ ಮೂಲೆಯಲ್ಲಿ ತಂತಿ ಬೇಲಿಯೊಳಗೆ ಮಳೆ ಅಳೆಯುವ ಡಬ್ಬವಿತ್ತು. ಆ ಜಾಗ ಶಾಲೆಗೆ ಬರುವ ಮೊದಲು ಎಸ್ಟೇಟಿನದು. ಜಾಗದ ಜೊತೆ ಡಬ್ಬವೂ ಬಂದಿತ್ತು. ಮೇಲೆ ತಗಡಿನ ಲಾಳಿಕೆ, ಒಳಗೆ ನೀರು ಕೂಡುವ ಬಾಟಲಿ, ಪಕ್ಕಕ್ಕೆ ಗೆರೆ ಕೊರೆದ ಗಾಜಿನ ಲೋಟ. ದಿನಾ ಬೆಳಿಗ್ಗೆ ಎಂಟೂವರೆಗೆ ಬಾಟಲಿಯ ನೀರನ್ನು ಲೋಟಕ್ಕೆ ಸುರಿದು ಗೆರೆ ಓದಬೇಕು. ಈ ಸೀಮೆಯಲ್ಲಿ ಮಳೆಯನ್ನು ಮಿಲಿಮೀಟರಿನಲ್ಲಿ ಹೇಳಿದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ; ಇಲ್ಲಿನ ಮಾತು ಇಂಚು, ಇಂಚಿನ ನೂರರಲ್ಲೊಂದು ಪಾಲಾದ ಸೆಂಟ್. ಓದಿ ಬರೆಯುವ ಕೆಲಸ ಜಯಕ್ಕನದು. ಅವರು ಬಿಸಿಯೂಟದ ಅಡುಗೆಯವರು, ಅದೇ ಲೈನಿನ ಕೊನೆಯ ಮನೆಯವರು. ಅವರಿಗಿಂತ ಮೊದಲು ಅಳೆಯುತ್ತಿದ್ದವರು ಲೈನಿನ ಈ ತುದಿಯ ಮನೆಯ ಈರಜ್ಜ. ತೋಟದ ಕೆಲಸದಿಂದ ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಎಂಟೂವರೆಗೆ ಸರಿಯಾಗಿ ಕೊಡೆ ಹಿಡಿದು ಹಳ್ಳದ ಕಾಲುಸಂಕ ದಾಟಿ ಬಂದು ಶಾಲೆಯ ಜಗಲಿಯ ಮೇಲೆ ಕೂರುತ್ತಿದ್ದರು. ಅವರ ಮೊಮ್ಮಗಳು ಚೈತ್ರ ನನ್ನ ಒಂಬತ್ತನೇ ತರಗತಿಯ ವಿದ್ಯಾರ್ಥಿನಿ.

"ಎಷ್ಟು ಬಿತ್ತು ಜಯ?"

"ಮೂರು ಇಂಚು ನಲ್ವತ್ತು ಸೆಂಟ್."

"ಇಷ್ಟಕ್ಕೇ ನಿಲ್ಲಲ್ಲ ಬಿಡು. ಬರ್ಕೋ."

ಇದು ಅವರಿಬ್ಬರ ಪ್ರಾರ್ಥನೆ. ಶಾಲೆಯ ಪ್ರಾರ್ಥನೆ ಆಮೇಲೆ.

ನಾನು ಆ ರಿಜಿಸ್ಟರನ್ನು ಮೊದಲು ಕೈಗೆತ್ತಿಕೊಂಡದ್ದು ಶಾಲೆಗೆ ಸೇರಿದ ಎರಡನೇ ವಾರ. ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಸಾಲು: ಮೂರು ದಿನಕ್ಕೆ ಇಪ್ಪತ್ತು, ಕೆಳಗಿನ ಲೈನ್ ಖಾಲಿ. ಅದರ ಮೇಲೆಲ್ಲ ವರ್ಷವರ್ಷದ ಅರಿಶಿನ ಕುಂಕುಮ. ಆಯುಧಪೂಜೆಯ ದಿನ ಕತ್ತಿ, ಗುದ್ದಲಿ, ಜೀಪಿನ ಜೊತೆ ಈ ಡಬ್ಬಕ್ಕೂ ಈ ಪುಸ್ತಕಕ್ಕೂ ಪೂಜೆ ನಡೆಯುತ್ತಿತ್ತು. ಅಕ್ಷರಗಳು ಕುಂಕುಮದ ಪದರದಡಿಯಿಂದ ಕಷ್ಟಪಟ್ಟು ಇಣುಕುತ್ತಿದ್ದವು.

"ಇದೇನು ಅಜ್ಜ, ಮಂತ್ರವಾ?" ಎಂದೆ. ಸುತ್ತ ಹತ್ತು ಹನ್ನೆರಡು ಮಕ್ಕಳಿದ್ದರು. ಕೇಳುವವರಿದ್ದರೆ ನನ್ನ ಗಂಟಲು ತಾನಾಗಿ ಒಂದು ಮೆಟ್ಟಿಲು ಏರುತ್ತದೆ.

"ಮಂತ್ರ ಅಲ್ಲ ಮೇಡಮ್ಮೋರೆ, ಲೆಕ್ಕ. ಒಂದ್ ವರ್ಸ ಗುಡ್ಡ ಜಾರ್ತು. ದನದ ಕೊಟ್ಟಿಗೆ ಮೂರು ಹಸ ಸಮೇತ ಹೋಗ್ಬುಡ್ತು. ಆಗ ಬುಕ್ ತೆಗ್ದು ನೋಡ್ದೆ. ಮೂರು ದಿನದ್ದು ಕೂಡಿದ್ರೆ ಇಪ್ಪತ್ತು ಇಂಚು ಆಗಿತ್ತು. ಬರ್ದಿಟ್ಟೆ. ಅವತ್ತಿಂದ ಇಪ್ಪತ್ತು ಆಯ್ತು ಅಂದ್ರೆ ಲೈನ್‌ನೋರೆಲ್ಲ ಗಂಟು ಕಟ್ಕಂಡು ಸ್ಟೋರ್‌ಗೆ ಹೋಗದು."

ಸ್ಟೋರ್ ಎಂದರೆ ಕಾಫಿ ಮೂಟೆ ಇಡುವ ಎಸ್ಟೇಟಿನ ದೊಡ್ಡ ಕಟ್ಟಡ. ಗುಡ್ಡದಿಂದ ದೂರ, ಸಮತಟ್ಟು ಜಾಗದಲ್ಲಿತ್ತು. ಗೋಣಿಚೀಲದ ಮೇಲೆ ಸಾಲಾಗಿ ಮಲಗುವುದು, ಒಂದೇ ಒಲೆಯಲ್ಲಿ ಗಂಜಿ. ಮಕ್ಕಳಿಗೆ ಅದು ಹಬ್ಬ ಎಂದು ಚೈತ್ರ ನಡುವೆ ಬಾಯಿ ಹಾಕಿದಳು.

"ಹತ್ತೊಂಬತ್ತೂವರೆ ಆದರೆ? ಆಗ ಗುಡ್ಡ ಜಾರುವುದಿಲ್ಲವಾ? ಗುಡ್ಡಕ್ಕೆ ಎಣಿಕೆ ಬರುತ್ತದಾ?"

ಮಕ್ಕಳು ನಕ್ಕರು. ಈರಜ್ಜನೂ ನಕ್ಕರು. "ಗುಡ್ಡಕ್ಕೆ ಬರಲ್ಲ. ನಮ್ಗೆ ಬತ್ತದಲ್ಲ, ಅದಕ್ಕೇ ಬರ್ಕಂಡಿರದು. ಹತ್ತೊಂಬತ್ತೂವರೆಗೆ ಗಂಟು ಕಟ್ಟದು, ಇಪ್ಪತ್ತಕ್ಕೆ ಹೊರಡದು."

"ಒಂದು ಸಲ ಜಾರಿದ್ದನ್ನು ಹಿಡಿದುಕೊಂಡು ನಿಯಮ ಮಾಡಿದರೆ ಅದನ್ನು ಲೆಕ್ಕ ಅನ್ನುವುದಿಲ್ಲ ಅಜ್ಜ, ನಂಬಿಕೆ ಅನ್ನುತ್ತಾರೆ."

"ಎರಡ್ನೇ ಸಲ ಜಾರ್ಲಿ, ಆಮೇಲೆ ಲೆಕ್ಕ ಹಾಕನ ಅಂತ ಅಲ್ಲೇ ಕುಂತ್ಕಳಕ್ಕಾಯ್ತದಾ ತಾಯಿ?"

ಈ ಸಲ ಮಕ್ಕಳು ಇನ್ನೂ ಜೋರಾಗಿ ನಕ್ಕರು, ನನ್ನನ್ನು ನೋಡಿ. ಸೋತ ಸುತ್ತನ್ನು ನಾನು ಮರೆಯುವವಳಲ್ಲ. ಒಪ್ಪಿಕೊಳ್ಳುತ್ತೇನೆ: ಅವತ್ತಿನಿಂದ ನನಗೆ ಆ ರಿಜಿಸ್ಟರಿನ ಎದುರು ಗೆಲ್ಲಬೇಕಿತ್ತು.

ಅವಕಾಶ ಜುಲೈನಲ್ಲಿ ಬಂತು. ಮಳೆ ಹೆಂಚಿನ ಮೇಲೆ ಕುಟ್ಟುತ್ತಿದ್ದಾಗ ಕೂಗಿ ಪಾಠ ಮಾಡುವುದಕ್ಕಿಂತ ಏನಾದರೂ ಮಾಡಿಸುವುದು ಲೇಸೆಂದು ಮಕ್ಕಳಿಗೆ ಜ್ಯಾಮಿಟ್ರಿ ಬಾಕ್ಸ್ ಕೊಟ್ಟು ಶಾಲೆಯಲ್ಲಿರುವ ಎಲ್ಲ ದುಂಡಗಿನ ವಸ್ತುಗಳ ವಿಸ್ತೀರ್ಣ ಕಂಡುಹಿಡಿಯಲು ಹೇಳಿದ್ದೆ. ಅನ್ನದ ತಪ್ಪಲೆಯ ಮುಚ್ಚಳ, ಗಂಟೆ, ಬಕೆಟ್ಟಿನ ಬಾಯಿ. ಚೈತ್ರ ಛತ್ರಿ ಹಿಡಿದು ಬೇಲಿಯೊಳಗೆ ನುಗ್ಗಿದಳು. ಹಿಂತಿರುಗಿ ಬಂದಾಗ ಅವಳ ಮುಖ ಬೇರೆ ಥರ ಇತ್ತು.

"ಮಿಸ್, ಲೋಟದ ಮೇಲೆ ಐದು ಅಂತ ಕೊರ್ದವ್ರೆ. ಲಾಳಿಕೆ ನೋಡುದ್ರೆ ಆರು ಇಂಚು ಐತೆ."

ನಾನೇ ಹೋಗಿ ಅಳೆದೆ. ಹೌದು. ಆ ಗಾಜಿನ ಲೋಟದ ಗೆರೆಗಳು ಐದು ಇಂಚು ಅಗಲದ ಲಾಳಿಕೆಗೆ ಲೆಕ್ಕ ಹಾಕಿ ಕೊರೆದವು. ಮೇಲಿದ್ದದ್ದು ಆರು ಇಂಚಿನ ಲಾಳಿಕೆ. ಒಂದೇ ಇಂಚು ತಾನೇ ಎನ್ನಬೇಡಿ. ಬಾಯಿ ಅಗಲವಾದರೆ ಹಿಡಿಯುವ ನೀರು ವಿಸ್ತೀರ್ಣದ ಲೆಕ್ಕದಲ್ಲಿ ಹೆಚ್ಚುತ್ತದೆ. ತ್ರಿಜ್ಯ ಹಿಡಿದರೆ ಮೂರರ ವರ್ಗ ಒಂಬತ್ತು, ಎರಡೂವರೆಯ ವರ್ಗ ಆರೂಕಾಲು. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಒಂದು ಪಾಯಿಂಟ್ ನಾಲ್ಕು ನಾಲ್ಕು. ಅಂದರೆ ಆಕಾಶದಿಂದ ಹತ್ತು ಇಂಚು ಬಿದ್ದರೆ ಈ ಶಾಲೆಯ ರಿಜಿಸ್ಟರಿನಲ್ಲಿ ಹದಿನಾಲ್ಕೂ ಚಿಲ್ಲರೆ. ಎಷ್ಟೋ ವರ್ಷಗಳಿಂದ. ನಾನು ಬೋರ್ಡಿನ ಮೇಲೆ ಬರೆಯುತ್ತಾ ಹೋದೆ, ತರಗತಿ ಉಸಿರು ಬಿಗಿಹಿಡಿದು ನೋಡಿತು. ಶಿಕ್ಷಕಿಯಾಗಿ ನನ್ನ ಅತಿ ಒಳ್ಳೆಯ ಪಾಠ ಅದೇ. ಇವತ್ತಿಗೂ ಅದೇ.

ಮಾರನೇ ಬೆಳಿಗ್ಗೆ ಜಗಲಿಯ ಮೇಲೆ ಚೈತ್ರಳೇ ತಾತನಿಗೆ ವಿವರಿಸಿದಳು.

"ಹೂ ಕಣವ್ವ, ಮೊದ್ಲಿನ ಲಾಳಿಕೆ ಮೇಲೆ ಸಿಲ್ವರ್ ಓಕ್ ಕೊಂಬೆ ಬಿದ್ದು ಚಪ್ಪಟೆ ಆಗಿತ್ತು. ಸಕಲೇಶಪುರದಲ್ಲಿ ತಗಡಿನ ಕೆಲಸದೋನ ತಾವ ಹೊಸದು ಮಾಡ್ಸುದೆ. ಒಂಚೂರು ಅಗ್ಲ ಇರ್ಲಿ, ನೀರು ಚೆನ್ನಾಗಿ ಬೀಳ್ತದೆ ಅಂತ ನಾನೇ ಹೇಳಿದ್ದೆ. ಮಾಡ್ಸಿ ಎರಡ್ನೇ ಮಳೆಗಾಲದಲ್ಲೇ ಗುಡ್ಡ ಜಾರಿದ್ದು." ಅವರು ಕೊಡೆಯ ತುದಿಯಿಂದ ನೆಲದ ಮೇಲೆ ಒಂದು ದುಂಡು ಗೆರೆ ಎಳೆದರು. "ಅಂದ್ರೆ ನಾನು ಇಷ್ಟು ವರ್ಸ ಸುಳ್ಳು ಬರ್ದೆ ಅಂತೀಯಾ?"

"ಸುಳ್ಳಲ್ಲ ತಾತ. ತಪ್ಪು."

"ಎರಡ್ರಲ್ಲಿ ಯಾವ್ದು ವಾಸಿ?"

"ತಪ್ಪೇ ವಾಸಿ. ಅದನ್ನ ತಿದ್ದಬೋದು."

ಈರಜ್ಜ ತೊಡೆ ತಟ್ಟಿಕೊಂಡು ನಕ್ಕರು. "ನೋಡ್ದಾ ಜಯ, ನನ್ ಮೊಮ್ಮಗ್ಳು ನನ್ನೇ ಹಿಡ್ದಾಕ್ಬುಟ್ಳು! ನಮ್ ವಂಶದಲ್ಲಿ ಯಾರೂ ನಂಗೆ ಎದುರು ಮಾತಾಡಿಲ್ಲ."

"ಅದಕ್ಕೇ ಹೆತ್ತೂರಿನೋರು ನಮ್ ಮಳೆ ಕೇಳಿ ಆಡ್ಕಳ್ತಿದ್ದದ್ದು," ಎಂದರು ಜಯಕ್ಕ. "ನಿಮ್ ದಿಬ್ಬದ ಮೇಲೆ ಮಾತ್ರ ಆಕಾಶ ತೂತಾ ಅಂತ ಕೇಳೋರು. ನಾನೂ ಜಂಬ ಹೊಡ್ಕಂಡು ಓಡಾಡ್ತಿದ್ದೆ."

ಈರಜ್ಜನ ಮಾತಿನಲ್ಲಿ ಎಲ್ಲವೂ ಇತ್ತು. ಮಾಡಿಸಿ ಎರಡನೇ ಮಳೆಗಾಲದಲ್ಲೇ ಗುಡ್ಡ ಜಾರಿದ್ದು. ನಾನು ಕೇಳಿಸಿಕೊಂಡೆ. ಎದುರು ಪಕ್ಷದ ಮಾತಿನಲ್ಲಿ ನನಗೆ ಬೇಕಾದ ಒಂದು ವಾಕ್ಯವನ್ನು ಆರಿಸಿಕೊಂಡು ಮಿಕ್ಕದ್ದನ್ನು ಬಿಡುವುದು ನನಗೆ ಕೈಗೂಡಿದ ವಿದ್ಯೆ.

ಹೊಸ ಐದಿಂಚಿನ ಲಾಳಿಕೆ ತರಿಸಿದೆವು. ಹಳೆಯದನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿದೆವು. ಆಮೇಲೆ ನಾನು ಮಕ್ಕಳಿಗೆ ಒಂದು ದೊಡ್ಡ ಅಭ್ಯಾಸ ಕೊಟ್ಟೆ: ರಿಜಿಸ್ಟರಿನ ಹಳೆಯ ಪ್ರತಿಯೊಂದು ಅಂಕಿಯನ್ನೂ ಒಂದು ಪಾಯಿಂಟ್ ನಾಲ್ಕು ನಾಲ್ಕರಿಂದ ಭಾಗಿಸಿ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸರಿಯಾದ ಅಂಕಿ ಬರೆಯುವುದು. ಒಂದು ವಾರ ಹಿಡಿಯಿತು. ಮೊದಲ ದಿನ ಪುಸ್ತಕ ತೆರೆದ ಚೈತ್ರ ಕೆಂಪು ಸಾಲಿನ ಮೇಲೆ ಪೆನ್ಸಿಲ್ ಇಟ್ಟು ತಲೆ ಎತ್ತಿದಳು.

"ಮಿಸ್, ಇದನ್ನೂ ತಿದ್ದಬೇಕಾ?"

"ಕುಂಕುಮ ಇಟ್ಟಿದ್ರ ಮೇಲೆ ಪೆನ್ಸಿಲ್ ಆಡಿಸ್ಬೇಡ ಮಾರಾಯ್ತಿ," ಎಂದು ಜಯಕ್ಕ ತರಕಾರಿ ಹೆಚ್ಚುತ್ತಲೇ ಕೂಗಿದರು.

"ಅದು ಪೂಜೆಯ ಪುಟ ಚೈತ್ರ, ಅದು ದತ್ತಾಂಶ ಅಲ್ಲ. ಮುಂದಿನ ಪುಟದಿಂದ ಶುರು ಮಾಡು," ಎಂದೆ ನಾನು.

ಆ ಇಡೀ ಮಳೆಗಾಲದಲ್ಲಿ ಜಯಕ್ಕನೂ ನಾನೂ ಒಂದೇ ಮನಸ್ಸಿನಿಂದ ಒಪ್ಪಿದ ಮಾತು ಅದೊಂದೇ. ಚೈತ್ರ ಪುಟ ತಿರುಗಿಸಿದಳು.

ತಾಲ್ಲೂಕು ಮಟ್ಟದ ವಿಜ್ಞಾನ ವಸ್ತುಪ್ರದರ್ಶನದಲ್ಲಿ ನಮ್ಮ ಎರಡು ಲಾಳಿಕೆಗಳಿಗೆ ಮೊದಲ ಬಹುಮಾನ ಬಂತು. ತೀರ್ಪುಗಾರರು ವೈಜ್ಞಾನಿಕ ಮನೋಭಾವ ಎಂಬ ಮಾತನ್ನು ಮೂರು ಸಲ ಹೇಳಿದರು. ಚೈತ್ರ ಮೈಕಿನ ಮುಂದೆ ನಿಂತು ತನ್ನ ತಾತನ ತಪ್ಪನ್ನು ತಾನು ಹೇಗೆ ಕಂಡುಹಿಡಿದೆ ಎಂದು ಹೇಳಿದಾಗ ಮೂರನೇ ಸಾಲಿನಲ್ಲಿ ಕೂತಿದ್ದ ಈರಜ್ಜ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಿಳಿ ಅಂಗಿ, ಹೆಗಲ ಮೇಲೆ ಹೊಸ ಟವೆಲ್. ಹಿಂದೆ ಇದ್ದವರು "ಕುಂತ್ಕೋ ಅಜ್ಜ, ಕಾಣಲ್ಲ" ಎಂದು ಬೈದರು.

ಆಗಸ್ಟ್ ಮೊದಲ ವಾರ ಮಳೆ ಹಿಡಿಯಿತು. ಹೆತ್ತೂರಿನ ಕಡೆಯ ಮಳೆ ಬರುವುದಿಲ್ಲ, ಹಿಡಿಯುತ್ತದೆ. ಮೊದಲ ದಿನ ನಾಲ್ಕು ಇಂಚು ಅರವತ್ತು ಸೆಂಟ್. ಎರಡನೇ ದಿನ ಐದು ಇಂಚು ಹತ್ತು. ಮೂರನೇ ಬೆಳಿಗ್ಗೆ ಜಯಕ್ಕ ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ನಾನು ಹೇಳಿಕೊಟ್ಟ ಹಾಗೆ ನೀರಿನ ಬಾಗಿದ ಮೈಯ ತಳಭಾಗ ನೋಡಿ, ಐದು ಇಂಚು ಮೂವತ್ತು ಎಂದರು. ನಾನು ಜಗಲಿಯಲ್ಲೇ ನಿಂತಿದ್ದೆ. ಒಟ್ಟು ಹದಿನೈದು.

ಈರಜ್ಜ ಬಂದಿದ್ದರು. ಕಾಲುಸಂಕದ ಹತ್ತಿರ ನೀರು ಮೊಣಕಾಲಿಗೆ ಬಂದಿತ್ತು, ಪಂಚೆ ಒದ್ದೆ.

"ಹದಿನೈದೇನಾ? ನಾನು ಗಂಟು ಕಟ್ಟಿ ಇಟ್ಟೇ ಬಂದೀನಿ. ಮೈಗೆ ಬಿದ್ದಿದ್ರ ಲೆಕ್ಕದಲ್ಲಿ ಜಾಸ್ತಿ ಅನ್ನುಸ್ತದಲ್ಲ ಜಯ."

"ಹದಿನೈದೇ ತಾತ," ಎಂದಳು ಚೈತ್ರ. "ನಿಂಗೆ ಹಳೇ ಲಾಳಿಕೆ ಅಭ್ಯಾಸ. ಇನ್ನೂ ಐದು ಇಂಚು ಐತೆ."

ಅವರು ನನ್ನ ಕಡೆ ನೋಡಿದರು. ಆ ನೋಟದಲ್ಲಿ ವಾದವಿರಲಿಲ್ಲ, ಕೇಳಿಕೆ ಇತ್ತು. ನಾನು ಹೇಳಿದೆ: "ಲೆಕ್ಕ ಸರಿಯಾಗಿದೆ ಅಜ್ಜ."

"ಸರಿ ಬುಡಿ. ಹಂಗಾದ್ರೆ ಗಂಟು ಬಿಚ್ಚಿ ಒಂಚೂರು ಗಂಜಿ ಕಾಯ್ಸ್ಕತೀನಿ." ಮೊಮ್ಮಗಳ ತಲೆಯ ಮೇಲೆ ಒದ್ದೆ ಕೈ ಇಟ್ಟು, "ಕೂದ್ಲು ಒರೆಸ್ಕೋ, ನೆಗಡಿ ಆಯ್ತದೆ," ಎಂದು ಹೊರಟರು.

ಮೂರನೇ ಪೀರಿಯಡ್ ನಡೆಯುತ್ತಿತ್ತು. ನಾನು ಬೋರ್ಡಿಗೆ ಮುಖ ಮಾಡಿದ್ದೆ. ಲಾರಿಯಿಂದ ಜಲ್ಲಿ ಸುರಿಯುವಂಥ ಸದ್ದು, ಆದರೆ ಸುರಿದು ನಿಲ್ಲದ ಸದ್ದು. ತಿರುಗಿದಾಗ ಕಿಟಕಿಯಲ್ಲಿ ಕಂಡದ್ದನ್ನು ನನ್ನ ಕಣ್ಣು ಒಪ್ಪಲಿಲ್ಲ. ಹಳ್ಳದಾಚೆಯ ಗುಡ್ಡದಲ್ಲಿ ಸಿಲ್ವರ್ ಓಕ್ ಮರಗಳು ನಿಂತ ನಿಲುವಿನಲ್ಲೇ ಕೆಳಗಿಳಿಯುತ್ತಿದ್ದವು. ಬೀಳುತ್ತಿರಲಿಲ್ಲ, ನಡೆದು ಬರುತ್ತಿದ್ದವು, ಕಾಫಿ ಗಿಡಗಳನ್ನು ಕಾಲಡಿ ಕರೆದುಕೊಂಡು. ಹಸಿರು ಇದ್ದ ಕಡೆ ಕೆಂಪು ತೆರೆಯಿತು. ಆಮೇಲೆ ಲೈನಿನ ಈ ತುದಿಯ ಮೂರು ಮನೆಗಳಿದ್ದ ಕಡೆ ಮನೆಗಳಿರಲಿಲ್ಲ. ಎಷ್ಟು ಹೊತ್ತು ಹಿಡಿಯಿತು ಎಂದು ಎಷ್ಟು ಜನ ಕೇಳಿದ್ದಾರೋ. ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಬೋರ್ಡಿನ ಮೇಲೆ ಒಂದು ಗೆರೆ ಎಳೆದು ಮುಗಿಸುವಷ್ಟು. ಅಷ್ಟೇ.

ತರಗತಿಯ ಮಕ್ಕಳೆಲ್ಲ ಎದ್ದು ನಿಂತಿದ್ದರು. ಚೈತ್ರ ಒಬ್ಬಳೇ ಕೂತಿದ್ದಳು. ಅವಳು ನನ್ನನ್ನು ನೋಡುತ್ತಿದ್ದಳು, ಕಿಟಕಿಯನ್ನಲ್ಲ.

ಮಳೆಯಲ್ಲಿ ತೋಟದ ಕೆಲಸವಿಲ್ಲದ ಕಾರಣ ಲೈನಿನ ಗಂಡಸರು, ಹೆಂಗಸರು, ಚೈತ್ರಳ ಅಪ್ಪ ಅಮ್ಮ, ಎಲ್ಲರೂ ಸ್ಟೋರಿನಲ್ಲಿ ಹರಿದ ಗೋಣಿಚೀಲ ಹೊಲಿಯುತ್ತಿದ್ದರು. ಮಕ್ಕಳು ನಮ್ಮ ಶಾಲೆಯಲ್ಲಿದ್ದರು. ಮನೆಯಲ್ಲಿದ್ದವರು ಈರಜ್ಜ ಒಬ್ಬರೇ. ಅವರು ಸಿಕ್ಕಿದ್ದು ಮರುದಿನ ಮಧ್ಯಾಹ್ನ. ಒಲೆಯ ಹತ್ತಿರ. ಪಕ್ಕದಲ್ಲಿ ಗಂಟಿನ ಬಟ್ಟೆ ಬಿಚ್ಚಿಯೇ ಇತ್ತು ಎಂದು ಜಯಕ್ಕ ಹೇಳಿದರು. ಕಂಬಳಿ, ಒಂದು ಜೊತೆ ಬಟ್ಟೆ, ವಸ್ತುಪ್ರದರ್ಶನದ ಫೋಟೋ.

ಎಷ್ಟೋ ಜನ ಬಂದು ಹೋದರು. ಹೆಡ್‌ಮಾಸ್ಟರು ಎಲ್ಲರಿಗೂ ಪ್ರಕೃತಿ ವಿಕೋಪ ಎಂದರು. ಪಟ್ಟಣದಿಂದ ಬಂದಿದ್ದ ಒಬ್ಬರು ನನ್ನ ಎದುರೇ, "ಇದಕ್ಕೇ ಹಿರಿಯರ ಮಾತು ಕೇಳಬೇಕು ಅನ್ನುವುದು; ವಿಜ್ಞಾನ ಎಲ್ಲ ಕಡೆ ನಡೆಯಲ್ಲ," ಎಂದರು. ಆ ಮಾತನ್ನು ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಹಳೆಯ ಲಾಳಿಕೆ ತಪ್ಪೇ. ಆರಿಂಚು ಆರಿಂಚೇ. ಆದರೆ ಏನು ತಪ್ಪಿತೆಂದು ನನಗಿನ್ನೂ ಹೊಳೆದಿರಲಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ನನ್ನ ಲೆಕ್ಕ ಸರಿ, ಅಳತೆ ಸರಿ, ಮಳೆ ಹದಿನೈದೇ ಬಿದ್ದಿತ್ತು, ಗುಡ್ಡ ಇಪ್ಪತ್ತಕ್ಕೆ ಕಾಯದೆ ಜಾರಿತು. ನೋಡಿ, ಆ ನಿಯಮವೇ ನಂಬಿಕೆಯದು ಎಂದು ನನ್ನೊಳಗಿನ ಚರ್ಚಾಪಟು ಆ ಹದಿಮೂರು ದಿನವೂ ಪಿಸುಗುಡುತ್ತಿದ್ದಳು.

ಹದಿನಾಲ್ಕನೇ ದಿನ ಚೈತ್ರ ಶಾಲೆಗೆ ಬಂದಳು. ನೇರ ಸ್ಟಾಫ್ ರೂಮಿಗೆ ಬಂದು ರಿಜಿಸ್ಟರನ್ನು ನನ್ನ ಮೇಜಿನ ಮೇಲೆ ಇಟ್ಟು ಮೊದಲ ಪುಟ ತೆರೆದಳು.

"ಮಿಸ್, ಇಪ್ಪತ್ತನ್ನ ಒಂದು ಪಾಯಿಂಟ್ ನಾಲ್ಕು ನಾಲ್ಕರಿಂದ ಭಾಗಿಸಿ."

ನಾನು ಪೆನ್ಸಿಲ್ ತೆಗೆದುಕೊಂಡೆ. ಮೊದಲ ಅಂಕಿ ಬರೆಯುವಷ್ಟರಲ್ಲಿ ಕೈ ನಿಂತಿತು. ಹದಿಮೂರು ಪಾಯಿಂಟ್ ಎಂಟು ಎಂಟು. ಹೆಚ್ಚುಕಡಿಮೆ ಹದಿನಾಲ್ಕು.

ಆ ಇಪ್ಪತ್ತು ಹುಟ್ಟಿದ್ದೇ ಆರಿಂಚಿನ ಲಾಳಿಕೆಯಿಂದ. ಗುಡ್ಡ ಜಾರಿದ ವರ್ಷ ಆಕಾಶದಿಂದ ಬಿದ್ದದ್ದು ಹದಿನಾಲ್ಕು. ಅಗಲ ಲಾಳಿಕೆ ಅದನ್ನು ಇಪ್ಪತ್ತು ಎಂದು ಓದಿತು. ಈರಜ್ಜ ಇಪ್ಪತ್ತು ಎಂದು ಬರೆದರು. ಅದೇ ಲಾಳಿಕೆಯಲ್ಲಿ ಅಳೆಯುವ ತನಕ ಆ ಇಪ್ಪತ್ತು ಸರಿ, ನೂರಕ್ಕೆ ನೂರು ಸರಿ. ನಾವು ಅಳತೆಯನ್ನು ತಿದ್ದಿದೆವು, ಎಲ್ಲ ಹಳೆಯ ಅಂಕಿಗಳನ್ನೂ ತಿದ್ದಿದೆವು, ಜೀವ ಉಳಿಸುವ ಒಂದು ಅಂಕಿಯನ್ನು ಮಾತ್ರ ಹಾಗೇ ಬಿಟ್ಟೆವು. ಹಳೆಯ ಲಾಳಿಕೆ ಇದ್ದಿದ್ದರೆ ಆ ಬೆಳಿಗ್ಗೆ ಜಯಕ್ಕನ ಲೋಟ ಇಪ್ಪತ್ತೊಂದೂವರೆ ದಾಟಿ ಹೇಳುತ್ತಿತ್ತು. ಒಂಬತ್ತು ಗಂಟೆಗೆ ಲೈನ್ ಖಾಲಿ.

"ಅವತ್ತು ನಾನು ಕೇಳಿದ್ದೆ ಮಿಸ್," ಎಂದಳು ಚೈತ್ರ. ದನಿಯಲ್ಲಿ ಸಿಟ್ಟಿರಲಿಲ್ಲ. "ಇದನ್ನೂ ತಿದ್ದಬೇಕಾ ಅಂತ."

ಪರ, ವಿರೋಧ ಎರಡರಲ್ಲೂ ಗೆದ್ದವಳು ನಾನು, ಪೆನ್ಸಿಲ್ ಕೆಳಗಿಟ್ಟೆ. ಯಾಕೆ ಬಿಟ್ಟೆ? ಗಣಿತ ಬಾರದ್ದಕ್ಕಲ್ಲ. ಕುಂಕುಮ ಕಂಡದ್ದಕ್ಕೆ. ಕುಂಕುಮ ಇದ್ದ ಕಡೆ ಲೆಕ್ಕ ಇರಲಾರದು ಎಂದು ನಾನು ನೋಡದೆಯೇ ತೀರ್ಮಾನಿಸಿದ್ದೆ. ಜಾರಿದ ಗುಡ್ಡದ ಎದುರು ಪುಸ್ತಕ ತೆರೆದು, ಮೂರು ದಿನದ ಮಳೆ ಕೂಡಿ, ಗೆರೆ ಎಳೆದ ಮನುಷ್ಯ ವಿಜ್ಞಾನಿಯ ಕೆಲಸ ಮಾಡಿದ್ದರು. ಸಾಕ್ಷ್ಯ ನೋಡದೆ ಪುಟ ತಿರುಗಿಸು ಎಂದವಳು ನಾನು. ಮೂಢನಂಬಿಕೆ ಯಾರದು?

"ತಾತಂಗೆ ಇನ್ನೂ ಐದು ಇಂಚು ಐತೆ ಅಂದಿದ್ದು ನಾನು ಮಿಸ್. ನೀವಲ್ಲ."

"ನೀನು ಕೇಳಿದ್ದೆ ಚೈತ್ರ. ಬೇಡ ಅಂದದ್ದು ನಾನು." ಆ ಮಳೆಗಾಲದಲ್ಲಿ ಗೆಲ್ಲಲೆಂದು ಆಡದ ನನ್ನ ಮೊದಲ ಮಾತು ಬಹುಶಃ ಅದು.

ಮಾರ್ಚಿಗೆ ನನ್ನ ಅವಧಿ ಮುಗಿಯಿತು. ಮತ್ತೆ ಆ ದಿಬ್ಬ ಹತ್ತಿದ್ದು ಈ ಜೂನಿನಲ್ಲೇ.

ದೋಣಿಗಲ್ಲಿನ ಮಣ್ಣು ಸರಿಸಿ ನಮ್ಮ ಬಸ್ಸು ಬಿಟ್ಟರು. ಸಕಲೇಶಪುರದಲ್ಲಿ ಇಳಿದು, ಹೆತ್ತೂರಿನ ಬಸ್ಸು ಹಿಡಿದು, ಕೊನೆಗೆ ಜೀಪಿನಲ್ಲಿ ದಿಬ್ಬ ಏರಿದಾಗ ಸಂಜೆ ನಾಲ್ಕು. ಒಂಬತ್ತನೇ ತರಗತಿಯ ಕಿಟಕಿಗೆ ಹೋಗಿ ನಿಂತೆ. ಕೆಂಪು ಗಾಯದ ಮೇಲೆ ಹುಲ್ಲು ಬಂದಿತ್ತು. ಅದರ ಅಂಚಿನಲ್ಲಿ, ಹೋದ ಮೂರು ಮನೆಗಳನ್ನು ಬಿಟ್ಟು, ಉಳಿದ ಎರಡು ಮನೆಗಳ ಹೆಂಚಿನಿಂದ ಹೊಗೆ ಏಳುತ್ತಿತ್ತು.

"ಇನ್ನೂ ಅಲ್ಲೇ ಇದ್ದೀರಾ ಜಯಕ್ಕ?" ಎಂದು ಹಿಂದೆ ಬಂದು ನಿಂತಿದ್ದವರನ್ನು ಕೇಳಿದೆ.

"ಬೇರೆ ಮನೆ ಕೊಡ್ತೀವಿ ಅಂದವ್ರೆ. ಕೊಡೋಗಂಟ ಇರ್ಬೇಕಲ್ಲ. ಅದಕ್ಕೇ ಮಿಸ್ ಈ ಬುಕ್ಕು." ಅವರು ಮೇಜು ಒರೆಸಿದರು. "ಬರೀರಿ. ಕತ್ಲಾಗೋದ್ರೊಳ್ಗೆ ಹಳ್ಳ ದಾಟ್ಬೇಕು ನಾನು."

ಚೈತ್ರ ಸಕಲೇಶಪುರದ ಕಾಲೇಜಿನಿಂದ ರಜೆ ಹಾಕಿ ಬಂದಿದ್ದಳು. ದ್ವಿತೀಯ ಪಿಯುಸಿ, ಎತ್ತರವಾಗಿದ್ದಳು. ಹಳೆಯ ರಿಜಿಸ್ಟರನ್ನು ಪಕ್ಕದಲ್ಲಿ ಬಿಚ್ಚಿಟ್ಟಳು. ಕೆಂಪು ಇಪ್ಪತ್ತಕ್ಕೆ ಅಡ್ಡ ಗೆರೆ ಎಳೆದು ಅದರ ಕೆಳಗೆ ಹದಿನಾಲ್ಕು ಎಂದು ಬರೆದ ಅಕ್ಷರ ಅವಳದೇ.

ನಾನು ಹೊಸ ಪುಟದಲ್ಲಿ ಕೆಂಪು ಪೆನ್ನಿನಿಂದ ಬರೆದೆ: ಮೂರು ದಿನಕ್ಕೆ ಹದಿನಾಲ್ಕು, ಕೆಳಗಿನ ಲೈನ್ ಖಾಲಿ.

"ಹದಿಮೂರೂವರೆಗೆ ಗಂಟು ಕಟ್ಟದು ಅಂತಾನೂ ಬರೀರಿ," ಎಂದರು ಜಯಕ್ಕ.

ಬರೆದೆ.

"ಅದರ ಕೆಳಗೆ, ಲಾಳಿಕೆ ಐದು ಇಂಚು," ಎಂದಳು ಚೈತ್ರ. "ಲಾಳಿಕೆ ಬದಲಾದರೆ ಈ ಪುಟವೂ ಬದಲಾಗಬೇಕು. ಬರೀರಿ ಮಿಸ್. ನಿಮ್ಮ ಅಕ್ಷರದಲ್ಲೇ ಇರಲಿ."

ಬರೆದೆ. ಕೊನೆಯ ಅಕ್ಷರ ಸ್ವಲ್ಪ ಸೊಟ್ಟಗಾಯಿತು. ಜಯಕ್ಕ ಕುಂಕುಮದ ಬಟ್ಟಲು ಹಿಡಿದು ಕಾಯುತ್ತಿದ್ದರು. ಬೇಡ ಎನ್ನಬೇಕೆಂದು ನನಗೆ ಅನ್ನಿಸಲಿಲ್ಲ. ಶಾಯಿ ಒಣಗಿದೆಯೇ ಎಂದು ಅವರು ಉಗುರಿನಿಂದ ಮುಟ್ಟಿ ನೋಡಿದರು. ಆಮೇಲೆ ಬೆರಳ ತುದಿಯಲ್ಲಿ ಚಿಟಿಕೆ ಕುಂಕುಮ ತೆಗೆದು, ಅಂಕಿಯಿಂದ ದೂರ, ಪುಟದ ಮೇಲಿನ ಮೂಲೆಗೆ ಒಂದು ಸಣ್ಣ ಬೊಟ್ಟು ಇಟ್ಟು, ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು.

"ಕಾಣ್ತದಾ ಮಿಸ್?"

"ಕಾಣ್ತದೆ ಜಯಕ್ಕ."